ಬಿಟ್ಟಿ ವಿರೋಧಿ ರಾಯರು

ದೇಶ ಹಾಳಾಗುತ್ತಿರುವುದು ಬಿಟ್ಟಿ ಭಾಗ್ಯಗಳಿಂದಲೇ ಎಂಬುದರಲ್ಲಿ ನಮ್ಮ ಬಡಾವಣೆಯ ರಾಯರಿಗೆ ಎಳ್ಳಷ್ಟೂ ಅನುಮಾನವಿಲ್ಲ. ಬೆಳಗಿನ ವಾಕಿಂಗ್ ಮುಗಿಸಿ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತರೆಂದರೆ ರಾಜ್ಯ ಸರ್ಕಾರದ ಐದೂ ಗ್ಯಾರಂಟಿಗಳ ಗ್ರಹಚಾರ ಬಿಡಿಸಿಯೇ ಏಳುವುದು. "ಎಲ್ಲಾ ನಮ್ಮ ತೆರಿಗೆ ದುಡ್ಡು ಕಣ್ರೀ!"

ಪುಕ್ಕಟೆ ಕರೆಂಟಿನ ಗೃಹಜ್ಯೋತಿಗೆ ಮಾತ್ರ ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಅರ್ಜಿ ಹಾಕಿದವರು ಅವರೇ. ನಾವೊಬ್ಬರು ಬಿಟ್ಟರೆ ದೇಶ ಉದ್ಧಾರ ಆಗುತ್ತದೆಯೇ ಎಂಬುದು ಅವರ ವಾದ. ಆ ಯೋಜನೆಯ ಲೆಕ್ಕ ಅವರಿಗೆ ಬಾಯಿಪಾಠ: ನಿಗದಿಯಾದ ಯೂನಿಟ್ ಮೀರಿದರೆ ಮೀರಿದಷ್ಟಕ್ಕೆ ದುಡ್ಡು, 200 ದಾಟಿತೋ ಇಡೀ ಬಿಲ್ಲು ತಲೆಮೇಲೆ. ಹಾಗಾಗಿ ಮೀಟರ್ ನೋಡುವವನು ಬರಲು ನಾಲ್ಕು ದಿನ ಇರುವಾಗ ಮನೆಯಲ್ಲಿ ತುರ್ತು ಪರಿಸ್ಥಿತಿ. ಗೀಜರ್ ಬಂದ್, ವಾಷಿಂಗ್ ಮೆಷಿನ್ ಬಂದ್. ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ಮೆಟ್ಟಿಲ ಕೆಳಗಿನ ಬೋರ್ಡಿಗೆ ಮೂಗು ತಾಗಿಸಿ, ಹಿಂದಿನ ಬಿಲ್ಲಿನ ಅಂಕಿ ಕಳೆದು, "194!" ಎಂದು ಕೂಗುತ್ತಾರೆ. ಒಳಗೆ ಮಿಕ್ಸಿಗೆ ಕೈ ಹಾಕಿದ್ದ ಸೊಸೆ ಕೈ ಹಿಂದೆ ತೆಗೆಯುತ್ತಾಳೆ. ಮಾರನೆಯ ಬೆಳಿಗ್ಗೆ ಇಡ್ಲಿಗೆ ಚಟ್ನಿಪುಡಿಯೇ ಗತಿ.

ಗೃಹಲಕ್ಷ್ಮಿಯ 2000 ರೂಪಾಯಿ ಅವರ ಮನೆಗೆ ಬರುವುದಿಲ್ಲ. ಆದಾಯ ತೆರಿಗೆ ಕಟ್ಟುವ ಮನೆ. ಕೆಲಸದಾಕೆಗೆ ಬರುತ್ತದೆ. ಯಾವ ತಿಂಗಳ ಕಂತು ಯಾವಾಗ ಜಮಾ ಆಯಿತೆಂದು ಅವಳಿಗಿಂತ ಮುಂಚೆ ಇವರಿಗೆ ಗೊತ್ತು. "ಸರ್ಕಾರವೇ ಕೊಡ್ತಾ ಇದೆಯಲ್ಲಮ್ಮಾ, ಈ ವರ್ಷ ಸಂಬಳ ಜಾಸ್ತಿ ಯಾಕೆ?" ಅವಳು ಪಾತ್ರೆ ಕುಕ್ಕುತ್ತಾಳೆ.

ಶಕ್ತಿ ಯೋಜನೆಯ ಮೇಲೆ ಅವರಿಗೆ ವಿಶೇಷ ಸಿಟ್ಟು. ಮೊದಲಾದರೆ ಹಾಸನದ ತಂಗಿ ಮನೆಗೆ ಹೋಗಬೇಕೆಂದರೆ ಹೆಂಡತಿ ಬಸ್ ಚಾರ್ಜಿಗೆ ಇವರ ಮುಂದೆ ನಿಲ್ಲಬೇಕಿತ್ತು. 2023ರ ಜೂನ್‌ನಿಂದ ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಆಕೆ ಡಬ್ಬಿಗೆ ಕೋಡುಬಳೆ ತುಂಬಿಕೊಂಡು "ಅನ್ನ ಕುಕ್ಕರಲ್ಲಿದೆ" ಎಂದು ಹೊರಟೇಬಿಡುತ್ತಾರೆ. ಈ ಸಿಟ್ಟಿಗೂ ರಾಜ್ಯದ ಖಜಾನೆಗೂ ಸಂಬಂಧವಿಲ್ಲವೆಂದು ನನ್ನ ಗುಮಾನಿ.

ಇನ್ನು ರೈಲಿನ ವಿಷಯ. 2020ರಲ್ಲಿ ನಿಂತುಹೋದ ಹಿರಿಯ ನಾಗರಿಕರ ರಿಯಾಯಿತಿ ನೆನೆದರೆ ಅವರಿಗೆ ಇವತ್ತೂ ಗಂಟಲು ಕಟ್ಟುತ್ತದೆ. ಅದು ಬಿಟ್ಟಿಯಲ್ಲವಂತೆ, ಹಿರಿಯರಿಗೆ ಸಲ್ಲಬೇಕಾದ ಗೌರವವಂತೆ.

ಅಂಗಡಿಯವನು ಕೊಟ್ಟರೂ ಅದು ಬಿಟ್ಟಿಯಲ್ಲ, ಆಫರ್. ಒಂದು ಕೊಂಡರೆ ಇನ್ನೊಂದು ಉಚಿತವೆಂದು ತಂದ ಓಟ್ಸನ್ನು ಆ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಸೋಪಿನ ಪುಡಿಯ ಜೊತೆ ಬಂದ ಬಕೆಟ್ಟುಗಳು ಅಟ್ಟದ ಮೇಲೆ ಗೋಪುರವಾಗಿ ನಿಂತಿವೆ. ಹಾಲ್‌ನ ಗೋಡೆ ತುಂಬ ನೋ ಕಾಸ್ಟ್ ಇಎಂಐನಲ್ಲಿ ತಂದ ಟಿವಿ. ರಾಜ್ಯ ಸಾಲದಲ್ಲಿ ಮುಳುಗುತ್ತಿದೆಯೆಂಬ ಚರ್ಚೆಯನ್ನು ರಾಯರು ಪ್ರತಿ ರಾತ್ರಿ ಅದರಲ್ಲೇ ನೋಡಿ ತಲೆ ಚಚ್ಚಿಕೊಳ್ಳುತ್ತಾರೆ. ಟಿವಿಯ ಕಂತು ಇನ್ನೂ ತೀರಿಲ್ಲ.

2024ರ ಏಪ್ರಿಲ್ 26ರಂದು, ಲೋಕಸಭೆ ಚುನಾವಣೆಯ ದಿನ, ಬೆಂಗಳೂರಿನ ಹೆಚ್ಚುಕಡಿಮೆ ಅರ್ಧದಷ್ಟು ಮತದಾರರು ಮತಗಟ್ಟೆಯ ಕಡೆ ತಲೆ ಹಾಕಲಿಲ್ಲ. ರಾಯರು ಮಾತ್ರ ಬೆಳಿಗ್ಗೆ ಏಳಕ್ಕೇ ಓಟು ಹಾಕಿ ನೇರ ಹೋಟೆಲಿಗೆ ನಡೆದರು. ಬೆರಳಿನ ಶಾಯಿ ತೋರಿಸಿದವರಿಗೆ ಅಂದು ನಗರದ ಕೆಲವು ಹೋಟೆಲುಗಳಲ್ಲಿ ತಿಂಡಿ ಪುಕ್ಕಟೆ. ಹೈಕೋರ್ಟಿನ ಒಪ್ಪಿಗೆಯೂ ಇತ್ತು. ಬಿಸಿಲಲ್ಲಿ ಸಾಲು ನಿಂತು ದೋಸೆ ತಿಂದು ಬಂದವರನ್ನು ಹೇಗಿತ್ತು ರಾಯರೇ ಎಂದು ಕೇಳಿದೆ.

"ಬೆಣ್ಣೆ ಸಾಲದು ಕಣ್ರೀ. ಕೊಡೋದಾದ್ರೆ ನೆಟ್ಟಗೆ ಕೊಡಬೇಕು!"