ಕೀವು ಮೀಮಾಂಸೆ

ಈ ಗ್ರಂಥಕ್ಕೆ ವಿಷಯ ಕೀವು. ಪ್ರಯೋಜನ, ಕುರು ಎದ್ದವರಿಗೆ ಸಮಾಧಾನ. ಅಧಿಕಾರಿ ಯಾರೆಂದರೆ, ಕೂರಲಾಗದ ಜಾಗದಲ್ಲಿ ಒಮ್ಮೆಯಾದರೂ ಕುರು ಎದ್ದವನು. ಸಂಬಂಧವನ್ನು ಬಿಡಿಸಿ ಹೇಳುವುದಿಲ್ಲ, ನೋಯುತ್ತದೆ.

ಪೂರ್ವಪಕ್ಷ: ಕೀವೆಂದರೆ ಮೈಯ ಉಷ್ಣ, ಮಾವಿನಹಣ್ಣು ಅತಿಯಾಗಿ ತಿಂದದ್ದರ ಶಿಕ್ಷೆ. ಇದು ಅಜ್ಜಿಯಂದಿರ ಮತ. ಖಂಡಿಸುವ ಧೈರ್ಯ ಸಾಲದೆ ಮುಂದೆ ಹೋಗುತ್ತೇವೆ.

ಸಿದ್ಧಾಂತ: ಬ್ಯಾಕ್ಟೀರಿಯಾ ಒಳಹೊಕ್ಕ ಸುಳಿವು ಸಿಕ್ಕೊಡನೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ನಾಳದ ಗೋಡೆ ತೂರಿ ಬಂದು ಅದನ್ನು ನುಂಗುತ್ತದೆ. ಕಣಗಳ ಈ ಬಗೆಯ ವರ್ತನೆಯನ್ನು ಜೀವವಿಜ್ಞಾನಿ ಮೆಚ್ನಿಕಾಫ್ 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ ಕಂಡರು. 1908ರಲ್ಲಿ ನೊಬೆಲ್ ಬಂತು. ಚುಚ್ಚಿಸಿಕೊಂಡ ಮರಿಗೆ ಏನೂ ಬರಲಿಲ್ಲ.

ನುಂಗಿದ ಕಣ ಏದುಸಿರು ಬಿಡುತ್ತದೆ. ಆಮ್ಲಜನಕದ ಬಳಕೆ ದಿಢೀರನೆ ಏರುವುದನ್ನು ಬಾಲ್ಡ್ರಿಜ್ ಮತ್ತು ಜೆರಾರ್ಡ್ 1933ರಲ್ಲೇ ಅಳೆದಿದ್ದರು. ಇದು ಉಂಡ ಆಯಾಸವಲ್ಲ, ವಿಷ ಕಾಯಿಸುವ ಸಂಭ್ರಮ. ಎನ್‌ಎಡಿಪಿಎಚ್ ಆಕ್ಸಿಡೇಸ್ ಎಂಬ ಕಿಣ್ವಸಮಿತಿಯ ಕೆಲವು ಸದಸ್ಯರು ಪೊರೆಯಲ್ಲಿ, ಉಳಿದವರು ಒಳದ್ರವದಲ್ಲಿ. ಶತ್ರು ಬಂದಾಗಲೇ ಒಂದೆಡೆ ಸೇರಿ ಆಮ್ಲಜನಕಕ್ಕೆ ಎಲೆಕ್ಟ್ರಾನ್ ಅಂಟಿಸಿ ಸೂಪರಾಕ್ಸೈಡ್ ಮಾಡುತ್ತಾರೆ. ಅದು ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಮೈಲೋಪೆರಾಕ್ಸಿಡೇಸ್ ಅದಕ್ಕೆ ಉಪ್ಪಿನೊಳಗಿನ ಕ್ಲೋರೈಡ್ ಬೆರೆಸಿ ಹೈಪೋಕ್ಲೋರಸ್ ಆಮ್ಲ ಇಳಿಸುತ್ತದೆ. ಬ್ಲೀಚಿಂಗ್ ಪುಡಿಯ ಸಾಕ್ಷಾತ್ ಬಂಧು! ಚರಂಡಿಗೆ ಅದನ್ನು ಚೆಲ್ಲಿಸಲು ವಾರ್ಡಿನವರು ಅರ್ಜಿ ಬರೆಯುತ್ತಾರೆ. ಇಲ್ಲಿ ಅರ್ಜಿ ಇಲ್ಲದೆ, ಕ್ಷಣಗಳಲ್ಲಿ. ಕೀವಿನ ಹಸಿರು ಛಾಯೆ ಈ ಮೈಲೋಪೆರಾಕ್ಸಿಡೇಸಿನದೇ ಬಣ್ಣ. ಗ್ರಂಥಕರ್ತನಿಗೆ ಇದೇ ಪರಮಪ್ರಮಾಣ.

ಆಕ್ಷೇಪ: ಮೈಲೋಪೆರಾಕ್ಸಿಡೇಸ್ ಹುಟ್ಟಿನಿಂದಲೇ ಇಲ್ಲದವರಲ್ಲಿ ಬಹುಪಾಲು ಮಂದಿ ಆರಾಮವಾಗಿದ್ದಾರಲ್ಲ? ಇದ್ದಾರೆ. ಹಸಿರಿನ ಮೇಲೆ ಕಟ್ಟಿದ ಪ್ರಬಂಧ ಇಲ್ಲಿ ಸ್ವಲ್ಪ ವಾಲುತ್ತದೆ. ಆದರೆ ಸಮಿತಿಗೇ ಕೋರಂ ಸೇರದ ದೇಹಗಳಿವೆ: ಆಕ್ಸಿಡೇಸಿನ ಒಂದು ಭಾಗ ಕೆಟ್ಟಿದ್ದರೆ ಕ್ರಾನಿಕ್ ಗ್ರ್ಯಾನುಲೋಮ್ಯಾಟಸ್ ಕಾಯಿಲೆ, ಮಗುವಿಗೆ ಮತ್ತೆ ಮತ್ತೆ ಸೋಂಕು. ಆದ್ದರಿಂದ ಸೂಪರಾಕ್ಸೈಡ್ ಮುಖ್ಯ, ಹಸಿರು ಗೌಣ. ಅಧ್ಯಾಯವನ್ನು ಹರಿದುಹಾಕಲು ಮನಸ್ಸಿಲ್ಲ, ಉಳಿಸಿದ್ದೇವೆ.

ಇನ್ನೊಂದು ದೋಷ: ಆಮ್ಲಕ್ಕೆ ಸ್ವಪಕ್ಷ ಪರಪಕ್ಷದ ಅರಿವಿಲ್ಲ. ಹೊರಚೆಲ್ಲಿದ್ದು ನೆರೆಯ ಅಂಗಾಂಶವನ್ನೂ ಸುಡುತ್ತದೆ. ತಯಾರಿಸಿದ ಕಣವೂ ಕೆಲಸ ಮುಗಿಸಿ ಸಾಯುತ್ತದೆ. ಇಂಥ ಕಣಗಳ ಹೆಣಗಳ ರಾಶಿಗೇ ಕೀವೆಂದು ಹೆಸರು.

ಉಪಪ್ರಶ್ನೆ: ಕುರುವನ್ನು ಹಿಸುಕುವುದು ಶಾಸ್ತ್ರಸಮ್ಮತವೇ? ಅಲ್ಲ, ಒಳಗೆ ಬದುಕುಳಿದ ಬ್ಯಾಕ್ಟೀರಿಯಾ ಪಕ್ಕಕ್ಕೆ ಹರಡೀತು. ಹಿಸುಕದ ಪಂಡಿತನೂ ಈವರೆಗೆ ಕಂಡಿಲ್ಲ.