ಚಕ್ರಕೀಲಮೀಮಾಂಸೆ

ಪ್ರಸ್ತಾವನೆ: ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರ ಈಗ ವಿದ್ಯಾಕ್ಷೇತ್ರ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ ಇಲ್ಲಿದೆ. ಇದೇ ಸೀಮೆಯ ವೈಮಾನಿಕ ಪರೀಕ್ಷಾ ವಲಯದಲ್ಲಿ 2024ರ ಜೂನ್ 23ರಂದು ಇಸ್ರೋದ ಮರುಬಳಕೆಯ ಉಡ್ಡಯನ ವಾಹನ ‘ಪುಷ್ಪಕ್’ 4.5 ಕಿ.ಮೀ. ಎತ್ತರದಿಂದ ಇಳಿದು, ಗಂಟೆಗೆ 320 ಕಿ.ಮೀ.ಗೂ ಮೀರಿದ ವೇಗದಲ್ಲಿ ನೆಲ ಮುಟ್ಟಿತು. ಅದರ ಗಾಲಿಗಳಿಗೆ ಏನೂ ಆಗಲಿಲ್ಲ. ಈ ಪ್ರಬಂಧಕಾರನ ಕಾರು ಮಾತ್ರ ನಾಯಕನಹಟ್ಟಿ ರಸ್ತೆಯಲ್ಲಿ ಗಂಟೆಗೆ 40ರಲ್ಲೇ ಗಡಗಡ ನಡುಗಿತು. ಇಳಿದು ನೋಡಿದರೆ ಹಿಂದಿನ ಗಾಲಿಯನ್ನು ಅಚ್ಚಿನ ತುದಿಯ ಹಬ್ಬಿಗೆ ಬಿಗಿಯುವ ನಾಲ್ಕು ಸ್ಟಡ್‌ಗಳಲ್ಲಿ ಒಂದು ಲಿಂಗೈಕ್ಯವಾಗಿತ್ತು. ಆದಕಾರಣ ಈ ಶಾಸ್ತ್ರ.

ಶಬ್ದವಿಚಾರ: ಮೆಕ್ಯಾನಿಕ್‌ಗಳು ಸ್ಟಡ್ಡನ್ನು ‘ವೀಲ್ ಬೋಲ್ಟ್’ ಎನ್ನುವರು. ಎತ್ತಿನ ಬಂಡಿಯ ಕಾಲದಲ್ಲಿ ಇದರ ಕೆಲಸ ಮಾಡುತ್ತಿದ್ದುದು ಕಡೆಗೀಲು. ಅದಕ್ಕೆ ಜೇಡರ ದಾಸಿಮಯ್ಯನ ವಚನದಲ್ಲಿ ಜಾಗ ಸಿಕ್ಕಿದೆ. ಸ್ಟಡ್‌ಗೆ ಇನ್ನೂ ವಚನಕಾರ ಹುಟ್ಟಿಲ್ಲ.

ದರ್ಶನವಿಚಾರ: ಸ್ಟಡ್ಡಿನ ಕೊರಳಲ್ಲಿರುವ ಹಲ್ಲುಗೆರೆಗಳು ಹಬ್ಬಿನ ತೂತನ್ನು ಕಚ್ಚಿ ಹಿಡಿಯುತ್ತವೆ. ಬೇರೆಯಾದರೂ ಬಿಡದ ಈ ಸಂಬಂಧ ವಿಶಿಷ್ಟಾದ್ವೈತ. ಸ್ಟಡ್ಡಿಗೂ ನಟ್ಟಿಗೂ ಇರಬೇಕಾದದ್ದು ದ್ವೈತ. ಆದರೆ ತುಕ್ಕು ಹಿಡಿದು ಅವೆರಡೂ ಅದ್ವೈತಕ್ಕೆ ತಿರುಗಿದಾಗ, ಪಂಕ್ಚರ್ ಅಂಗಡಿಯ ಉದ್ದನೆಯ ಪಾನಾ ಬಂದು ಸ್ಟಡ್ಡಿಗೆ ಮುಕ್ತಿ ಕೊಡುತ್ತದೆ.

ಪೂರ್ವಪಕ್ಷ: ‘ಇನ್ನೂ ಮೂರು ಅವೆಯಲ್ಲ, ಬಿಡಿ ಸ್ವಾಮಿ’ ಎಂಬುದು ಅರಳಿಕಟ್ಟೆಯ ಮತ.

ಖಂಡನೆ: ನಟ್ ಬಿಗಿದಾಗ ಸ್ಟಡ್ ಕಣ್ಣಿಗೆ ಕಾಣದಷ್ಟು ಹಿಗ್ಗಿ, ಸ್ಪ್ರಿಂಗಿನಂತೆ ಗಾಲಿಯನ್ನು ಹಬ್ಬಿಗೆ ಒತ್ತಿ ಹಿಡಿಯುತ್ತದೆ. ಗಾಲಿ ಜಾರದಂತೆ ತಡೆಯುವುದು ಆ ಒತ್ತಡದಿಂದ ಬಂದ ಘರ್ಷಣೆ. ಒಂದು ಸ್ಟಡ್ ಹೋದರೆ ಅದರ ಪಾಲಿನ ಭಾರ ಉಳಿದವುಗಳ ತಲೆಗೆ. ಅವೂ ದಣಿದು ಅದೇ ದಾರಿ ಹಿಡಿಯುತ್ತವೆ.

ಪ್ರಯೋಗಕಾಂಡ: ಗಾಲಿ ನೆಲದ ಮೇಲಿರುವಾಗಲೇ ನಟ್‌ಗಳನ್ನು ಸ್ವಲ್ಪ ಸಡಿಲಿಸಬೇಕು. ಮುಂದಿನ ಗಾಲಿಗಳಿಗೆ ಅಡ್ಡಗಲ್ಲು ಇಡಬೇಕು. ಚಿತ್ರದುರ್ಗ ಜಿಲ್ಲೆಯಲ್ಲಿ ಕಲ್ಲಿಗೇನೂ ಬರವಿಲ್ಲ. ಜಾಕಿಯನ್ನು ನಂಬಿ ಕಾರಿನಡಿ ಕೈ ಹಾಕಬಾರದು, ಸ್ಟ್ಯಾಂಡ್ ಕೊಡಬೇಕು. ಗಾಲಿಯನ್ನೂ ಡ್ರಮ್ಮನ್ನೂ ಕಳಚಿ, ಮುರಿದ ಸ್ಟಡ್ಡನ್ನು ಸುತ್ತಿಗೆಯಿಂದ ಹಿಂದಕ್ಕೆ ಬಡಿದು ತೆಗೆಯಬೇಕು. ಅದೇ ಅಳತೆಯ, ಅದೇ ಮರೆಯ (ಥ್ರೆಡ್ಡಿನ) ಹೊಸದನ್ನು ಹಿಂದಿನಿಂದ ತೂರಿಸಿ, ಮುಂದೆ ವಾಷರ್‌ಗಳನ್ನು ಪೇರಿಸಿ, ಹಳೆಯ ನಟ್ಟೊಂದನ್ನು ತಿರುಗಿಸುತ್ತ ತಲೆ ಹಬ್ಬಿಗೆ ಕೂರುವವರೆಗೆ ಎಳೆಯಬೇಕು. ಪ್ರೆಸ್ ಇದ್ದವರು ಪುಣ್ಯವಂತರು.

ನಿಷೇಧಕಾಂಡ: ಚಳ್ಳಕೆರೆ ಎಣ್ಣೆ ಗಿರಣಿಗಳ ಊರೆಂದು ಮರೆಗೆ ಎಣ್ಣೆ ಹಚ್ಚಬಾರದು. ಜಾರಿಕೆಯಿಂದ ನಟ್ ಅಳತೆ ಮೀರಿ ಬಿಗಿದು ಸ್ಟಡ್ ಅತಿಯಾಗಿ ಹಿಗ್ಗುತ್ತದೆ. ಪಾನಾದ ಮೇಲೆ ಹತ್ತಿ ಕುಣಿಯುವ ಸಂಪ್ರದಾಯವೂ ಅಶಾಸ್ತ್ರೀಯ. ಎದುರುಬದುರಿನ ಕ್ರಮದಲ್ಲಿ, ಟಾರ್ಕ್ ರೆಂಚಿನಿಂದ, ಕಾರಿನ ಪುಸ್ತಕ ಹೇಳಿದಷ್ಟೇ ಬಿಗಿಯಬೇಕು. ಸಣ್ಣ ಕಾರುಗಳಿಗೆ ಅದು ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್.

ಫಲಶ್ರುತಿ: ಈ ಪ್ರಬಂಧ ಓದಿದ್ದರಿಂದ ಯಾವ ಪುಣ್ಯವೂ ಇಲ್ಲ. 80 ಕಿ.ಮೀ. ಓಡಿಸಿದ ಮೇಲೆ ನಟ್‌ಗಳ ಬಿಗಿಯನ್ನು ಮತ್ತೊಮ್ಮೆ ನೋಡಿದವರಿಗೆ ಮಾತ್ರ ನಾಲ್ಕು ಗಾಲಿ ಉಂಟು.