ನಿಮ್ಮ ಕಂಪನಿಯ ಶಿರಸಿ ಶಾಖೆಯಿಂದ

ಗೆ,
ಉದ್ಯೋಗಿಗಳ ಯೋಗಕ್ಷೇಮ ವಿಭಾಗದ ಮುಖ್ಯಸ್ಥರು,
ಹೊರ ವರ್ತುಲ ರಸ್ತೆ, ಬೆಂಗಳೂರು.

ಮಾನ್ಯರೇ,

ನಾನು ನಿಮ್ಮಲ್ಲಿ ಕೆಲಸಕ್ಕಿರುವ ಹುಡುಗನೊಬ್ಬನ ತಾಯಿ. ನನ್ನನ್ನು ನೀವು ನೋಡಿಯೇ ಇಲ್ಲ ಎನ್ನುವಂತಿಲ್ಲ. ಹೋದ ಮಳೆಗಾಲದಲ್ಲಿ ಮೀಟಿಂಗಿನ ನಡುವೆ ಅವನ ಎಡಗಡೆಯಿಂದ ಒಂದು ಕೈ, ಒಂದು ಲೋಟ ಮೂಡಿ ಮಾಯವಾಯಿತಲ್ಲ, ಆ ಕೈ ನನ್ನದು. ಉಳಿದ ಮೈಯನ್ನು ಅವನು ಬೆನ್ನ ಹಿಂದೆ ಹಾಕಿಕೊಂಡಿದ್ದ ಸಮುದ್ರತೀರದ ಚಿತ್ರ ನುಂಗಿಬಿಟ್ಟಿತ್ತು. ಲೋಟ ಮಾತ್ರ ಪೂರ್ತಿ ಕಂಡಿತಂತೆ. ಕಾಫಿ ಹೇಗಿದೆ ಅಂತ ನಿಮ್ಮವರೊಬ್ಬರು ಕೇಳಿದರಂತೆ. ಅದು ಕಷಾಯ.

ಈ ಪತ್ರಕ್ಕೆ ಕಾರಣ ನೀವು ಎಲ್ಲರಿಗೂ ಕಳಿಸಿದ ಮೇಲ್. ಮನೆಯಿಂದ ಕೆಲಸ ಮಾಡುವಾಗ ಲವಲವಿಕೆಯಿಂದ ಇರುವುದು ಹೇಗೆ, ಸಹೋದ್ಯೋಗಿಗಳ ಜೊತೆ ಒಡನಾಟ ಉಳಿಸಿಕೊಳ್ಳುವುದು ಹೇಗೆ ಅಂತ ಬರೆದಿದ್ದಿರಿ. ಮಗ ಅದನ್ನು ಓದಲಿಲ್ಲ, ಕಾಲ್‌ನಲ್ಲಿದ್ದ. ನಾನು ಓದಿದೆ. ಹೊತ್ತಿಗೆ ಸರಿಯಾಗಿ ಬಿಸಿಯಾದ, ಪೌಷ್ಟಿಕವಾದ ಊಟ. ಚೊಕ್ಕಟವಾದ ಕೆಲಸದ ಜಾಗ. ಸುತ್ತ ಗದ್ದಲವಿಲ್ಲದ ವಾತಾವರಣ. ಆಗಾಗ ಕುಡಿಯಲು ಏನಾದರೂ. ಕಣ್ಣಿಗೆ ತಂಪಾಗಿ ಪಕ್ಕದಲ್ಲೊಂದು ಹಸಿರು ಗಿಡ. ಮೇಲ್ ಅವನ ಹೆಸರಿಗೆ ಬಂದಿತ್ತು, ಆದೇಶಗಳೆಲ್ಲ ನನಗೆ. ಗಿಡದ ಬಗ್ಗೆ ಮಾತ್ರ ಒಂದು ಅನುಮಾನ: ಎರಡೆಕರೆ ಅಡಿಕೆ ತೋಟ ನಡೆಯುತ್ತದೆಯೋ, ಕುಂಡದಲ್ಲೇ ಇರಬೇಕೋ?

ಮನೆಯಿಂದ ಕೆಲಸ ಎಂಬ ಈ ವಿಚಾರದ ಮೂಲ ಯಾರು ಅಂತ ಹುಡುಕಿದೆ. ಅಮೆರಿಕದ ಜ್ಯಾಕ್ ನಿಲ್ಸ್ ಎಂಬವರು 1973ರಷ್ಟು ಹಿಂದೆಯೇ ಇದಕ್ಕೊಂದು ಹೆಸರಿಟ್ಟು ಪ್ರಚಾರ ಮಾಡಿದವರು. ಕೆಲಸದವರನ್ನು ಕೆಲಸದ ಹತ್ತಿರ ಸಾಗಿಸುವ ಬದಲು ಕೆಲಸವನ್ನೇ ಅವರ ಹತ್ತಿರ ಸಾಗಿಸಿದರೆ ರಸ್ತೆಯ ದಟ್ಟಣೆ ತಗ್ಗುತ್ತದೆ, ಪೆಟ್ರೋಲು ಉಳಿಯುತ್ತದೆ ಎಂಬುದು ಅವರ ವಾದ. ಒಪ್ಪಿದೆ. ಪೆಟ್ರೋಲು ಉಳಿಯಿತು. ಹಾಲು ಉಳಿಯಲಿಲ್ಲ.

ಕರೆಂಟಿನದು ಇನ್ನೊಂದು ಕಥೆ, ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ ಗೃಹಜ್ಯೋತಿ ಅಂತ ಯೋಜನೆ ಇದೆ. ಮನೆ ಬಳಕೆಗೆ 200 ಯೂನಿಟ್‌ವರೆಗೆ ಉಚಿತ, 2023ರ ಆಗಸ್ಟ್‌ನಿಂದ ಸೊನ್ನೆ ಬಿಲ್ಲು ಬರತೊಡಗಿತು. ಆದರೆ ಎಲ್ಲರಿಗೂ 200 ಅಲ್ಲ; 2022–23ರಲ್ಲಿ ಮನೆಯೊಂದು ಸರಾಸರಿ ಎಷ್ಟು ಕರೆಂಟು ಸುಟ್ಟಿತ್ತೋ ಅದರ ಮೇಲೆ ನೂರಕ್ಕೆ ಹತ್ತರಂತೆ ಸೇರಿಸಿ ಮಿತಿ ಕಟ್ಟಿದರು. ಆ ಸರಾಸರಿ ತೆಗೆಯುವಾಗ ಈ ಮನೆಯಲ್ಲಿ ಇದ್ದದ್ದು ನಾನು, ನಮ್ಮ ಯಜಮಾನರು, ಒಂದು ಹಳೇ ಫ್ರಿಜ್ಜು. ಆಮೇಲೆ ನೀವು ಬೆಂಗಳೂರಿನ ಆಫೀಸಿನಲ್ಲಿ ಎರಡು ಮಹಡಿ ಖಾಲಿ ಮಾಡಿದಿರಿ. ಅದರಲ್ಲೊಂದು ಮೂಲೆ ನಮ್ಮ ಜಗಲಿಗೆ ಬಂದು ಕೂತಿತು. ಒಂದು ಲ್ಯಾಪ್‌ಟಾಪು, ಎರಡು ಪರದೆ, ಮೋಡೆಮ್ಮು, ಹಗಲು ರಾತ್ರಿ ತಿರುಗುವ ಫ್ಯಾನು, ಇವೆಲ್ಲಕ್ಕೂ ಉಸಿರು ಹಿಡಿಯಲು ಇನ್ವರ್ಟರು. ಆರಿದ್ರಾ ಮಳೆಗೆ ಮರ ಬಿದ್ದು ತಂತಿ ಹರಿದರೆ ಲೈನ್‌ಮನ್ ಬರುವತನಕ ನಿಮ್ಮ ಕಂಪನಿ ಓಡುವುದು ನಾನು ನೀರು ತುಂಬಿಸಿಟ್ಟ ಬ್ಯಾಟರಿಯ ಮೇಲೆ. ಮಿತಿಯೊಳಗಿನ ಯೂನಿಟ್ಟಿನ ದುಡ್ಡು ಸರ್ಕಾರದ್ದು, ಮೀರಿದ್ದರದ್ದು ನಮ್ಮದು. ಕಂಪನಿಯ ಪಾಲು ಎಲ್ಲಿದೆ ಎಂದು ಮಗನನ್ನು ಕೇಳಿದೆ. ವಾರ್ಷಿಕ ವರದಿಯಲ್ಲಿ ‘ಉಳಿತಾಯ’ ಎಂಬ ತಲೆಬರಹದ ಕೆಳಗೆ ಇದೆಯಂತೆ.

ಸಂಬಳದಾರರಿಗೆ ಮನೆಯೊಳಗಿನ ಆಫೀಸಿಗೆಂದೇ ಆದಾಯ ತೆರಿಗೆಯಲ್ಲಿ ಪ್ರತ್ಯೇಕ ವಿನಾಯಿತಿಯೂ ಇಲ್ಲ. ಜಗಲಿಯ ಬಾಡಿಗೆ ಕೇಳಬೇಡ, ಕೆಲಸಕ್ಕೆ ಸಂಚಕಾರ ಬಂದೀತು ಅಂತ ಯಜಮಾನರು ಹೇಳಿದ್ದಾರೆ. ಆದ್ದರಿಂದ ಕೇಳುತ್ತಿಲ್ಲ, ಹೇಳುತ್ತಿದ್ದೇನೆ ಅಷ್ಟೆ.

ಗದ್ದಲವಿಲ್ಲದ ವಾತಾವರಣ ಎಂದಿರಿ. ನಾನು ಮಿಕ್ಸರಿಗೆ ಕೈ ಹಾಕುವುದೇ ತಡ, ಜಗಲಿಯಿಂದ ಪಿಸುದನಿ ಬರುತ್ತದೆ: “ಆಯೀ, ಮಿಕ್ಸರ್ ಹಾಕಡ, ಕಾಲಲ್ಲಿದ್ದಿ!” ಹಾಗಾಗಿ ಒರಳುಕಲ್ಲನ್ನು ಅಟ್ಟದ ಬುಡದಿಂದ ಎಳೆಸಿ ತೊಳೆದಿಟ್ಟಿದ್ದೇನೆ. ನಿಮ್ಮ ಕೃತಕ ಬುದ್ಧಿಮತ್ತೆಯ ಪ್ರಾಜೆಕ್ಟು ಮುಂದಕ್ಕೆ ಹೋಗಲಿ ಅಂತ ನಮ್ಮ ಅಡುಗೆಮನೆ ನನ್ನ ಅತ್ತೆಯವರ ಕಾಲಕ್ಕೆ ಹೋಗಿದೆ. ಕೊಟ್ಟಿಗೆಯಲ್ಲಿ ಕರು ಕೂಗುವುದಕ್ಕೆ ಮಾತ್ರ ನನ್ನಲ್ಲಿ ಉಪಾಯವಿಲ್ಲ. ಅದಕ್ಕೊಂದು ಮೇಲ್ ಕಳಿಸಿ ನೋಡಿ.

ಈಗ ಒಂದು ತಪ್ಪೊಪ್ಪಿಗೆಯಂಥ ಪ್ರಶ್ನೆ, ಇದನ್ನು ಕಾನೂನು ವಿಭಾಗಕ್ಕೆ ದಾಟಿಸಿದರೂ ಅಡ್ಡಿಯಿಲ್ಲ. ಟೀಮ್ಸ್ ಆ್ಯಪ್‌ನಲ್ಲಿ ಐದು ನಿಮಿಷ ಯಾರೂ ಏನೂ ಮುಟ್ಟದಿದ್ದರೆ ಹೆಸರಿನ ಪಕ್ಕದ ಹಸಿರು ಚುಕ್ಕೆ ಹಳದಿಯಾಗುತ್ತದೆ. ಹಳದಿಯಾದರೆ ಮ್ಯಾನೇಜರ್ ಮುಖ ಕೆಂಪಾಗುತ್ತದೆ. ಮಗ ಸ್ನಾನಕ್ಕೆ ಹೋದಾಗ, ಮಧ್ಯಾಹ್ನ ಎರಡು ತುತ್ತು ಉಣ್ಣುವಾಗ, ಒಂದು ಕೈಯಲ್ಲಿ ಸೌಟು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಮೌಸ್ ಅಲ್ಲಾಡಿಸಿ ಬರುವವಳು ನಾನು. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು, ಕೀಲಿಮಣೆ ಕುಟ್ಟುತ್ತಿರುವಂತೆ ನಟಿಸಿದರು ಅಂತ ಹನ್ನೆರಡಕ್ಕೂ ಹೆಚ್ಚು ಮಂದಿಯನ್ನು ಮನೆಗೆ ಕಳಿಸಿತು ಎಂದು ಓದಿ ಎದೆ ಹೊಡೆದುಕೊಂಡಿತು. ಅಲ್ಲಿ ಮೌಸ್ ಕುಣಿಸುವುದಕ್ಕೆ ಅಂತಲೇ ಯಂತ್ರ ಮಾರುತ್ತಾರಂತೆ. ನಾನು ಯಂತ್ರ ಬಳಸಿಲ್ಲ, ಸ್ವಂತ ಕೈ. ಈ ಶಾಖೆಯಲ್ಲಿ ಹಾಜರಾತಿಗೆ ಬೆಲೆ ಇರುವುದಾದರೆ ನನ್ನಷ್ಟು ಹಸಿರು ಯಾರೂ ಇಲ್ಲ.

ನೀವು ನಡೆಸಿದ ‘ಮೀಟಿಂಗ್ ದಣಿವು ನಿವಾರಣೆ’ ಕಾರ್ಯಕ್ರಮವನ್ನೂ ಬಾಗಿಲ ಸಂದಿಯಿಂದ ನೋಡಿದೆ. ಅದೂ ಒಂದು ಮೀಟಿಂಗೇ, ಕ್ಯಾಮೆರಾ ಹಾಕಿಕೊಂಡಿರುವುದು ಕಡ್ಡಾಯ. ಸ್ಟ್ಯಾನ್‌ಫರ್ಡಿನ ಜೆರೆಮಿ ಬೈಲೆನ್ಸನ್ ಎಂಬ ಪ್ರಾಧ್ಯಾಪಕರು 2021ರಲ್ಲಿ ಈ ದಣಿವಿಗೆ ನಾಲ್ಕು ಕಾರಣ ಕೊಟ್ಟಿದ್ದಾರೆ: ಎಲ್ಲರೂ ತೀರಾ ಹತ್ತಿರದಿಂದ ದಿಟ್ಟಿಸುತ್ತಿರುವುದು, ಕೂತಲ್ಲೇ ಕಟ್ಟಿಹಾಕಿದಂತೆ ಇರಬೇಕಾಗುವುದು, ತಲೆಯಾಡಿಸುವುದನ್ನೂ ಬೇಕೆಂದೇ ಎದ್ದು ಕಾಣುವಂತೆ ಆಡಿಸುವುದು, ಮತ್ತೆ ದಿನವಿಡೀ ತನ್ನ ಮುಖವನ್ನು ತಾನೇ ನೋಡಿಕೊಳ್ಳುವುದು. ಕೊನೆಯದು ನನಗೆ ಕೂಡಲೇ ಅರ್ಥವಾಯಿತು. ಮದುಮಗಳೂ ಅಷ್ಟು ಹೊತ್ತು ಕನ್ನಡಿಯ ಮುಂದೆ ಕೂರುವುದಿಲ್ಲ. ಪರದೆಯಲ್ಲಿ ಸ್ವಂತ ಮುಖ ಕಾಣದಂತೆ ಮಾಡಿಕೊಳ್ಳಿ, ನಡುನಡುವೆ ವಿಡಿಯೊ ನಿಲ್ಲಿಸಿ ಬರೀ ದನಿಯಲ್ಲಿ ಮಾತಾಡಿ ಎಂಬುದು ಅವರ ಸಲಹೆ. ಖರ್ಚಿಲ್ಲದ ಮದ್ದು, ಅದಕ್ಕೇ ಇರಬೇಕು, ನಿಮಗೆ ಹಿಡಿಸಲಿಲ್ಲ.

ಒಡನಾಟದ ವಿಷಯಕ್ಕೆ ಬರುತ್ತೇನೆ. ಶುಕ್ರವಾರ ಸಂಜೆ ಪರದೆಯ ಮೇಲೆ ಅಂತ್ಯಾಕ್ಷರಿ ಆಡಿಸುತ್ತೀರಿ. ಫೀನಿಕ್ಸಿನಲ್ಲಿರುವ ಯಾರದೋ ನಾಯಿ ಮರಿ ಹಾಕಿದ್ದು ನನ್ನ ಮಗನಿಗೆ ಗೊತ್ತು, ಮರಿಗಳ ಹೆಸರೂ ಗೊತ್ತು. ಕೆಳಗಿನ ಮನೆ ಭಟ್ಟರು ಜಾರಿ ಬಿದ್ದು ಕಾಲಿಗೆ ಪಟ್ಟಿ ಹಾಕಿಸಿಕೊಂಡದ್ದು ಅವರು ಕೋಲೂರಿ ನಮ್ಮ ಅಂಗಳಕ್ಕೆ ಬಂದ ದಿನ ಗೊತ್ತಾಯಿತು. ಮೀಟಿಂಗಿನ ಹೊತ್ತೂ ಅಮೆರಿಕದ್ದೇ: ಕ್ಯಾಲಿಫೋರ್ನಿಯಾದವರ ಬೆಳಗಿನ ಒಂಬತ್ತೆಂದರೆ ನಮಗೆ ರಾತ್ರಿ ಒಂಬತ್ತೂವರೆ. ನವೆಂಬರಿನಲ್ಲಿ ಅವರು ಗಡಿಯಾರದ ಮುಳ್ಳನ್ನು ಒಂದು ಗಂಟೆ ಹಿಂದೆ ತಿರುಗಿಸುತ್ತಾರೆ, ಶಿರಸಿಯಲ್ಲಿ ನಾನು ಸಾರನ್ನು ಒಂದು ಗಂಟೆ ತಡವಾಗಿ ಬಿಸಿ ಮಾಡುತ್ತೇನೆ. ಕೆಲಸದ ಹೊತ್ತು ಮುಗಿದ ಮೇಲೆ ಮೇಲಿನವರ ಕರೆಗೆ ಓಗೊಡದಿರುವ ಹಕ್ಕು ಫ್ರಾನ್ಸಿನಲ್ಲಿ 2017ರಿಂದ ಕಾನೂನಿನಲ್ಲಿದೆ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ. ನಮ್ಮಲ್ಲಿ 2018ರಲ್ಲಿ ಸಂಸದೆ ಸುಪ್ರಿಯಾ ಸುಳೆ ಅವರು ಲೋಕಸಭೆಯಲ್ಲಿ ಇಂಥದೇ ಖಾಸಗಿ ಮಸೂದೆ ಮಂಡಿಸಿದರು; ಅದು ಕಾನೂನಾಗಲಿಲ್ಲ. ಆಗಿದ್ದರೆ ಅದರಲ್ಲಿ ಸಾರು ಬಿಸಿ ಮಾಡುವವರಿಗೂ ಒಂದು ಕಲಮು ಸೇರಿಸಿ ಎಂದು ಅರ್ಜಿ ಹಾಕುತ್ತಿದ್ದೆ.

ಹಾಗಂತ ಮಗನನ್ನು ವಾಪಸು ಕರೆಸಿಕೊಳ್ಳಿ ಎನ್ನುತ್ತಿಲ್ಲ. ಮಗ ಕಣ್ಣೆದುರಿಗೆ ಇದ್ದಾನೆ, ಬೆನ್ನಾದರೂ ಕಾಣುತ್ತದೆ. ಬೆಂಗಳೂರಿನ ಆ ರಸ್ತೆಯಲ್ಲಿ ಬೆಳಗ್ಗೆ ಸಂಜೆ ಸಿಕ್ಕಿಹಾಕಿಕೊಳ್ಳುವುದಕ್ಕಿಂತ ಇದೇ ಲೇಸು. ನನ್ನ ತಕರಾರು ಇಷ್ಟೇ: ಆಫೀಸನ್ನು ನಮ್ಮ ಮನೆಗೆ ಕಳಿಸಿದವರು ಸಲಹೆಯ ಬದಲು ಸಾಮಾನು ಕಳಿಸಬೇಕಿತ್ತು.

ನಿಮ್ಮ ಮುಂದಿನ ತಂಡ ಕಟ್ಟುವ ಕಾರ್ಯಕ್ರಮಕ್ಕೆ ನಮ್ಮ ಅಂಗಳ ಕೊಡಲು ಸಿದ್ಧಳಿದ್ದೇನೆ. ಡಿಸೆಂಬರಿನಲ್ಲಿ ಅಡಿಕೆಗೊನೆ ಕೊಯ್ಲು. ಈಗ ಸುಲಿಯುವ ಯಂತ್ರಗಳು ಬಂದಿವೆಯಾದರೂ ನಮ್ಮಲ್ಲಿ ಇನ್ನೂ ರಾತ್ರಿ ಊಟ ಮುಗಿಸಿ ಅಕ್ಕಪಕ್ಕದವರು ಬಂದು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು ಹಸಿ ಅಡಿಕೆ ಸುಲಿಯುತ್ತಾರೆ. ಊರಿನ ಸುದ್ದಿಯೆಲ್ಲ ಅಲ್ಲೇ ವಿಲೇವಾರಿಯಾಗುತ್ತದೆ, ಯಾರನ್ನೂ ಮ್ಯೂಟ್ ಮಾಡಲು ಬರುವುದಿಲ್ಲ. ಅಂಗಳದಲ್ಲಿ ನೆಟ್‌ವರ್ಕ್ ಸಿಗದು. ಕೂಲಿ ಸುಲಿದ ಅಳತೆಯ ಮೇಲೆ, ಅಂದಂದೇ ಕೈಗೆ. ಈ ಪದ್ಧತಿ ನಿಮ್ಮವರಿಗೆ ಹೊಸತೆನಿಸಬಹುದು. ಎಷ್ಟು ಜನ ಬರುತ್ತೀರಿ ಎಂಬುದನ್ನು ಹಿಂದಿನ ದಿನವೇ ತಿಳಿಸಿ, ದೋಸೆಗೆ ಅಕ್ಕಿ ನೆನೆಸಬೇಕು. ರುಬ್ಬುವುದು ಒರಳಿನಲ್ಲಿ.

ಇಂತಿ,
ಶಾಖಾ ವ್ಯವಸ್ಥಾಪಕಿ, ಅಡುಗೆ, ಕಾವಲು, ವಿದ್ಯುತ್ ಮತ್ತು ಹಾಜರಾತಿ ವಿಭಾಗ,
ಶಿರಸಿ.
(ನೇಮಕಾತಿ ಪತ್ರ ಇನ್ನೂ ತಲುಪಿಲ್ಲ.)